ಹಾಲು ಉಕ್ಕಿ ಉರಿ ಆರಿದರೆ…

ಊರಲ್ಲಿ ಅಮ್ಮ ಒಬ್ಬಳೇ. ಈಚೆಗೆ ವಾಸನೆ ಅವಳಿಗೆ ಅಷ್ಟಾಗಿ ಗೊತ್ತಾಗಲ್ಲ. ಹಾಲು ಉಕ್ಕಿ ಉರಿ ಆರಿದರೆ ಬರ್ನರ್‌ನಿಂದ ಗ್ಯಾಸ್ ಬರ್ತಾನೇ ಇರುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತೆ. ಎಚ್ಚರಿಸಲೆಂದೇ ಅದಕ್ಕೆ ಬೆರೆಸಿದ ವಾಸನೆ ಅಮ್ಮನ ಮೂಗಿಗೆ ತಲುಪದಿದ್ದರೆ?

ಅದಕ್ಕೇ ಈ ಸಲ ‘ಫ್ಲೇಮ್ ಫೇಲ್ಯೂರ್ ಡಿವೈಸ್’ ಇರೋ ಸ್ಟವ್ ಕೊಡಿಸಿದೆ. ಬರ್ನರ್ ಪಕ್ಕದಲ್ಲಿ ಪುಟ್ಟ ಕಡ್ಡಿಯಂಥ ಥರ್ಮೋಕಪಲ್ ಇರುತ್ತೆ. ಉರಿಯ ಬಿಸಿಗೆ ಅದರಲ್ಲಿ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತೆ. ಅಷ್ಟರಿಂದಲೇ ಒಂದು ವಿದ್ಯುತ್ಕಾಂತ ಗ್ಯಾಸ್ ವಾಲ್ವನ್ನು ತೆರೆದು ಹಿಡಿದಿರುತ್ತೆ. ಉರಿ ಆರಿತೋ, ಕಡ್ಡಿ ತಣ್ಣಗಾಗಿ ಹಿಡಿತ ಬಿಡುತ್ತೆ, ಸ್ಪ್ರಿಂಗ್ ವಾಲ್ವ್ ಮುಚ್ಚುತ್ತೆ.

“ಹಚ್ಚಿದ ಮೇಲೂ ನಾಬ್ ಒತ್ತಿ ಹಿಡೀಬೇಕಾ? ಇದೆಂಥ ರಗಳೆ!” ಅಂದಳು ಅಮ್ಮ.

“ಆ ಕಡ್ಡಿ ಬಿಸಿಯಾಗೋಕೆ ಒಂದೆರಡು ಕ್ಷಣ ಬೇಕಮ್ಮ.”

ಆದರೆ ಇದು ಎಲ್ಲಕ್ಕೂ ಕಾವಲಲ್ಲ. ಟ್ಯೂಬ್ ಸೀಳಿದರೆ ಇದಕ್ಕೆ ತಿಳಿಯಲ್ಲ. ಉರಿ ಇರೋವರೆಗೂ ಪಾತ್ರೆ ಸೀದರೂ ಸುಮ್ಮನಿರುತ್ತೆ. ರಾತ್ರಿ ರೆಗ್ಯುಲೇಟರ್ ಆಫ್ ಮಾಡಲೇಬೇಕು.

ಅಪ್ಪ-ಅಮ್ಮನಿಗೆ ಸ್ಟವ್ ಕೊಡಿಸೋರು, ಬಣ್ಣ, ಗ್ಲಾಸ್ ನೋಡೋ ಮೊದಲು ಅಂಗಡಿಯಲ್ಲಿ ಒಂದು ಮಾತು ಕೇಳಿ: ಎಲ್ಲ ಬರ್ನರ್‌ಗೂ ಇದು ಇದೆಯಾ?