ಚೀಟಿ ಎತ್ತಿದಾಗ ಬಂದ ಊರು

ಸಹೋದರಿಯರೇ, ಮಕ್ಕಳಿಗೆ ರಜೆ ಬಂದಾಗ ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಏಳುತ್ತದಲ್ಲವೇ? ಈ ಸಲ ಎಲ್ಲಿಗೆ ಹೋಗೋಣ? ಒಬ್ಬರಿಗೆ ಊಟಿ, ಇನ್ನೊಬ್ಬರಿಗೆ ಮೈಸೂರು. ಕೊನೆಗೆ ಯಾರ ದನಿ ಜೋರೋ ಅವರ ಮಾತೇ ನಡೆಯುತ್ತದೆ. ಬುತ್ತಿ ಕಟ್ಟುವವರನ್ನು, ಮೂಲೆಯಲ್ಲಿ ಕುಳಿತ ಹಿರಿಯರನ್ನು ಯಾರೂ ಕೇಳುವುದಿಲ್ಲ.

ರಾಯಚೂರಿನ ನಮ್ಮ ಮನೆಯಲ್ಲಿ ಕಳೆದ ರಜೆಯಲ್ಲಿ ಈ ಜಗಳ ಮುಗಿಸಲು ಚೀಟಿ ಎತ್ತಿದೆವು. ನಿಯಮ ಇಷ್ಟೇ: ಊರು ನಮ್ಮ ಜಿಲ್ಲೆಯದೇ ಆಗಿರಬೇಕು. ಬೆಳಿಗ್ಗೆ ಹೊರಟರೆ ಮಗ್ರಿಬ್‌ಗೆ ಮನೆ ಸೇರುವಂತಿರಬೇಕು. ಪ್ರತಿಯೊಬ್ಬರಿಗೂ ಒಂದೇ ಚೀಟಿ. ಯಾವುದು ಬಂದರೂ ಗೊಣಗಬಾರದು.

ಹೀಗೆ ಚೀಟಿ ಎತ್ತುವುದು ಸರಿಯೇ ಎಂದು ನೀವು ಕೇಳಬಹುದು. ಅಜ್ಞಾನ ಕಾಲದ ಅರಬರು ಬಾಣಗಳನ್ನು ಎತ್ತಿ ತಮ್ಮ ಭವಿಷ್ಯ ತಿಳಿಯಲು ಹೊರಡುತ್ತಿದ್ದರು. ಪವಿತ್ರ ಕುರ್‌ಆನಿನ ಅಲ್‌ಮಾಇದ ಅಧ್ಯಾಯ ಅದನ್ನು ನಿಷೇಧಿಸಿದೆ. ಆದರೆ ಪ್ರವಾದಿವರ್ಯರು(ಸ) ಪ್ರಯಾಣ ಹೊರಡುವಾಗ ಪತ್ನಿಯರ ಮಧ್ಯೆ ಚೀಟಿ ಎತ್ತಿ, ಯಾರ ಹೆಸರು ಬಂತೋ ಅವರನ್ನು ಜೊತೆಗೆ ಕರೆದೊಯ್ಯುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಅದು ಭವಿಷ್ಯ ಕೇಳುವುದಲ್ಲ. ಸಮಾನ ಹಕ್ಕುಳ್ಳವರ ನಡುವೆ ಯಾರ ಮನಸ್ಸೂ ನೋಯದಂತೆ ನ್ಯಾಯ ಪಾಲಿಸುವುದು.

ನನ್ನ ಚೀಟಿಯಲ್ಲಿ ನಮ್ಮದೇ ಊರಿನ ಕೋಟೆ ಇತ್ತು. ನಗಬೇಡಿ. ಊರಿನಲ್ಲೇ ಇದ್ದು ಅದನ್ನು ನೆಟ್ಟಗೆ ನೋಡದವರು ನಮ್ಮಲ್ಲಿ ಎಷ್ಟು ಮಂದಿ! 1294ರ ಶಾಸನವನ್ನು ಹೊತ್ತ, 40 ಅಡಿಗೂ ಉದ್ದದ ಒಂದೇ ಕಲ್ಲು ಆ ಕೋಟೆಯ ಗೋಡೆಯಲ್ಲಿದೆ. ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದಲ್ಲಿ, 1513ರಲ್ಲಿ ಕಟ್ಟಿದ ಏಕ್ ಮಿನಾರ್ ಮಸೀದಿಯೂ ಇದೇ ಊರಿನಲ್ಲಿದೆ. ಅದರ ಒಂಟಿ ಮಿನಾರಿನ ಎತ್ತರ ಸುಮಾರು 65 ಅಡಿ.

ಮಗ ಬರೆದದ್ದು ಮಾನ್ವಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಅದರಿಂದ ಹಸಿರಾದ ಭತ್ತದ ಗದ್ದೆಗಳು ಅವನಿಗೆ ಇಷ್ಟ. ಹರಿದಾಸ ಜಗನ್ನಾಥದಾಸರು ಬಾಳಿದ ಊರೂ ಅದೇ ಎಂದು ಅವನ ಶಾಲೆಯಲ್ಲಿ ಹೇಳಿದ್ದರಂತೆ. ಪತಿಯ ಚೀಟಿ ಮಸ್ಕಿ. ಅಶೋಕ ಚಕ್ರವರ್ತಿಯ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು ಅಲ್ಲಿ.

ಅಕ್ಷರ ಬಾರದ ನನ್ನ ಅತ್ತೆ ಮೊಮ್ಮಗನ ಕಿವಿಯಲ್ಲಿ ಪಿಸುಗುಟ್ಟಿ ಬರೆಸಿದರು. ಡಬ್ಬಿ ಕುಲುಕಿ ಎತ್ತಿದಾಗ ಬಂದದ್ದು ಆ ಚೀಟಿಯೇ: ದೇವದುರ್ಗ.

ಮಗನ ಮುಖ ಬಾಡಿತು. "ಅಲ್ಲೇನಿದೆ ದಾದಿ?" ಎಂದ. ಅತ್ತೆ ಉತ್ತರಿಸಲಿಲ್ಲ. ನಾನೂ ಸುಮ್ಮನಾದೆ. ಅದು ಅವರ ತವರು. ಅವರ ಅಣ್ಣ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವರನ್ನು ಅಲ್ಲಿಗೆ ಯಾರೂ ಕರೆದೊಯ್ದಿರಲಿಲ್ಲ. ಸೊಸೆಯಾದ ನಾನೂ ಕೇಳಿರಲಿಲ್ಲ.

ರಾಯಚೂರಿನಿಂದ ಅಲ್ಲಿಗೆ 50 ಚಿಲ್ಲರೆ ಕಿಲೋಮೀಟರ್. ಖರ್ಚಿನ ನೆಪವೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡು ಬೇಕಿಲ್ಲ. ಹಳೆಯ ಗುಡಿಗಳು, ಶಾಸನಗಳಿರುವ ಗಬ್ಬೂರು ದಾಟಿದೊಡನೆ ಅತ್ತೆ ಕಿಟಕಿಯ ಪಕ್ಕ ಸರಿದು ಕುಳಿತರು. ಕೃಷ್ಣೆ ಯಾವ ದಿಕ್ಕಿಗಿದ್ದಾಳೆ, ಕಾಲುವೆ ಬರುವ ಮೊದಲು ಹೊಲಗಳು ಹೇಗಿದ್ದವು ಎಂದು ಮೊಮ್ಮಗನಿಗೆ ಹೇಳತೊಡಗಿದರು. ಅಷ್ಟು ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ.

ತವರಿನ ಅಂಗಳದಲ್ಲಿ ಅಣ್ಣನ ಹೆಂಡತಿ ಇವರನ್ನು ತಬ್ಬಿಕೊಂಡು ಅತ್ತರು. ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಿದರು. ಸಂಜೆ ಬಸ್ಸಿನಲ್ಲಿ ಮಗ ಕೇಳಿದ: "ದಾದಿ, ಇಲ್ಲಿಗೆ ಬರಬೇಕು ಅಂತ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಕೇಳಿದವರು ಯಾರು ಬೇಟಾ?"

ಆ ಮಾತು ನನಗೂ ತಗುಲಿತು. ರಕ್ತ ಸಂಬಂಧ ಕಾಪಾಡಬೇಕೆಂದು ಪ್ರವಚನದಲ್ಲಿ ಎಷ್ಟು ಸಲ ಕೇಳಿದ್ದೇವೆ! ಒಂದು ಚೀಟಿ ಬರುವವರೆಗೆ ಅದು ನಮಗೆ ನೆನಪಾಗಲಿಲ್ಲ.

ಸಹೋದರಿಯರೇ, ಮುಂದಿನ ರಜೆಗೆ ನೀವೂ ಡಬ್ಬಿ ತೆಗೆಯಿರಿ. ನಿಮ್ಮದೊಂದು ಚೀಟಿ ಹಾಕಲು ಮರೆಯಬೇಡಿ. ಮನೆಯಲ್ಲಿ ಯಾರನ್ನು ಯಾರೂ ಕೇಳುವುದಿಲ್ಲವೋ, ಅವರ ಚೀಟಿಯನ್ನು ಮೊದಲು ಬರೆಸಿರಿ. ಅವರ ಊರು ಬಾರದೆ ಹೋದರೂ ಅವರ ಮನಸ್ಸಿನಲ್ಲಿ ಯಾವ ಊರಿದೆ ಎಂಬುದಾದರೂ ನಿಮಗೆ ತಿಳಿಯುತ್ತದೆ.