ಜಾಹೀರಾತಿನ ವೇಗ, ಮಳೆಗಾಲದ ವೇಗ

ಮಲೆನಾಡಿನ ಮನೆಗೆ ಹೆಣ್ಣು ಕೊಡುವವರು ಹಿಂದೆಲ್ಲ ಮೊದಲು ಕೇಳುತ್ತಿದ್ದುದು, ಮನೆಯ ತನಕ ರಸ್ತೆ ಇದೆಯೇ ಎಂದು. ಅನಂತರ ಕರೆಂಟಿನ ಪ್ರಶ್ನೆ ಬಂತು. ಈಗ ಅವೆರಡರ ಜೊತೆಗೆ ಮೂರನೆಯದೊಂದು ಸೇರಿಕೊಂಡಿದೆ: “ನಿಮ್ಮಲ್ಲಿ ನೆಟ್ ಸಿಗುತ್ತದೆಯಾ?” ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ, ಮನೆಯ ಯಾವ ಕೋಣೆಯಲ್ಲಿ ಎಂದು ನಾವು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಕೊಪ್ಪ ತಾಲೂಕಿನ ಹಿರೇಕೊಡಿಗೆ ಎಂದೊಡನೆ ಓದುಗರಿಗೆ ನೆನಪಾಗುವುದು ಕುವೆಂಪು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಇಲ್ಲಿ, ತಾಯಿಯ ತವರಿನಲ್ಲಿ. ನಾವು ಈ ಕಡೆಯವರು. ಅಡಿಕೆ ತೋಟ, ಅದರ ಅಂಚಿನಲ್ಲಿ ಒಂದಿಷ್ಟು ಕಾಫಿ, ಹಿಂದೆ ಗುಡ್ಡ, ಮುಂದೆ ಹಳ್ಳ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸುವುದಿಲ್ಲ. ಮನೆಯಲ್ಲಿ ಇರುವುದು ನಾವಿಬ್ಬರು ಮತ್ತು ಎಂಬತ್ತು ದಾಟಿದ ಅಜ್ಜಿ. ಮಗ, ಸೊಸೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ.

“ನೆಟ್ ಒಂದು ಸರಿಯಾದರೆ ತಿಂಗಳಲ್ಲಿ ಹದಿನೈದು ದಿನ ಊರಲ್ಲೇ ಇದ್ದು ಕೆಲಸ ಮಾಡಬಹುದು” ಎಂದು ಮಗ ಹೇಳಿದ ದಿನದಿಂದ ಬ್ರಾಡ್‌ಬ್ಯಾಂಡ್ ಎಂಬುದು ನಮ್ಮ ಪಾಲಿಗೆ ಸಿನಿಮಾ ನೋಡುವ ಸಾಧನವಾಗಿ ಉಳಿಯಲಿಲ್ಲ. ಕೊನೆಕೊಯ್ಲಿನ ಹೊತ್ತಿಗೆ ತೋಟದಲ್ಲಿ ನಿಲ್ಲುವವರು ಯಾರು, ನಡುರಾತ್ರಿ ಅಜ್ಜಿಗೆ ಉಸಿರು ಕಟ್ಟಿದರೆ ಆಸ್ಪತ್ರೆಗೆ ಕಾರು ಬಿಡುವವರು ಯಾರು ಎಂಬ ಪ್ರಶ್ನೆಗಳೆಲ್ಲ ಅದಕ್ಕೆ ಗಂಟುಬಿದ್ದವು.

ಊರಿಗೆ ಫೋನು ಬಂದು ಬಹಳ ಕಾಲವಾಯಿತು. ತಂತಿ ಎಳೆಯಲಾಗದ ಮನೆಗಳಿಗೆ ವಿಲ್ ಫೋನ್ ಬಂದದ್ದೂ ಹಳೆಯ ಮಾತು. 2004ರಲ್ಲಿ ಕೇಂದ್ರ ಸರಕಾರ ಬ್ರಾಡ್‌ಬ್ಯಾಂಡ್ ನೀತಿಯನ್ನು ಪ್ರಕಟಿಸಿದಾಗ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದಿತ್ತು. 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ ‘ಡೇಟಾವನ್’ ಹೆಸರಿನಲ್ಲಿ ಹಳೆಯ ಟೆಲಿಫೋನ್ ತಂತಿಯ ಮೇಲೆಯೇ ಈ ಸೇವೆಯನ್ನು ಆರಂಭಿಸಿತು. ಆ ಕನಿಷ್ಠ ಮಿತಿ 2013ರಲ್ಲಿ 512 ಕಿಲೋಬಿಟ್ ಆಯಿತು. 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು.

ತಾಮ್ರದ ತಂತಿಗೆ ಒಂದು ಸ್ವಭಾವವಿದೆ. ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ಅದರಲ್ಲಿ ಹರಿಯುವ ಸಂಕೇತ ಸೊರಗುತ್ತದೆ. ಎಕ್ಸ್‌ಚೇಂಜ್‌ನ ಪಕ್ಕದ ಮನೆಗೆ ಸೆಕೆಂಡಿಗೆ 20 ಮೆಗಾಬಿಟ್ ಕೊಡಬಲ್ಲ ತಂತಿ, ಐದು ಕಿಲೋಮೀಟರ್ ಆಚೆಯ ಮನೆಗೆ ಒಂದೆರಡು ಮೆಗಾಬಿಟ್ ಕೊಟ್ಟರೆ ಹೆಚ್ಚು. ಮಲೆನಾಡಿನಲ್ಲಿ ಎಕ್ಸ್‌ಚೇಂಜ್‌ನ ಪಕ್ಕದಲ್ಲಿ ಇರುವವರು ಎಷ್ಟು ಮಂದಿ? ಅದರ ಮೇಲೆ ಸಿಡಿಲು. ಮೋಡ ಕಪ್ಪಾಗುತ್ತಿದ್ದಂತೆ ಮೋಡೆಮ್‌ನ ತಂತಿ ಕಿತ್ತಿಡುವುದು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಒಳಗೆ ಎಳೆದುಕೊಳ್ಳುವಷ್ಟೇ ಸಹಜವಾದ ಕೆಲಸವಾಗಿತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಈ ಕೊರತೆ ಎಲ್ಲರಿಗೂ ಏಕಕಾಲಕ್ಕೆ ತಟ್ಟಿತು. ಶಾಲೆ ಮೊಬೈಲಿಗೆ ಬಂತು, ಮೊಬೈಲು ಗುಡ್ಡಕ್ಕೆ ಹೋಯಿತು. ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ತಲೆಯಲ್ಲಿ ಕುಳಿತು ಪಾಠ ಕೇಳುವ ಮಕ್ಕಳ ಚಿತ್ರಗಳನ್ನು ಓದುಗರು ಪತ್ರಿಕೆಗಳಲ್ಲಿ ನೋಡಿದ್ದಾರೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಕೂಗು 2021ರಲ್ಲಿ ಎದ್ದಿತು. ಆ ಕಾಲದಲ್ಲಿ ಊರಿಗೆ ಬಂದ ನಮ್ಮ ಮಗನೂ ಕಾರಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸಿಗ್ನಲ್ ಸಿಗುವ ತಿರುವಿನಲ್ಲಿ ನಿಂತು ಕೆಲಸ ಮಾಡಿದ್ದುಂಟು. ಲಾಕ್‌ಡೌನ್ ಮುಗಿದ ಮೇಲೆ ಅವನು ಮರಳಿ ಬೆಂಗಳೂರಿಗೆ ಹೊರಟ.

ಅನಂತರದ ವರ್ಷಗಳಲ್ಲಿ ಚಿತ್ರ ಬದಲಾಯಿತು. ಗಾಜಿನ ಎಳೆಯ ಫೈಬರ್ ತಂತಿ ಕಂಬದಿಂದ ಕಂಬಕ್ಕೆ ಬಂತು. 2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಎರಡೂ ‘ಏರ್‌ಫೈಬರ್’ ಎಂಬ ಹೆಸರಿನ ಸೇವೆ ಆರಂಭಿಸಿದವು. ಹೆಸರಿನಲ್ಲಿ ಫೈಬರ್ ಇದ್ದರೂ ಇದು ಮನೆಯ ಮಾಡಿನ ಮೇಲಿಟ್ಟ ಪೆಟ್ಟಿಗೆ ಟವರಿನಿಂದ ಹಿಡಿದುಕೊಳ್ಳುವ ಗಾಳಿಯ ಸಂಪರ್ಕ. ಮನೆಗೆ ಕಂಪೆನಿಯ ಹುಡುಗರು ಕರಪತ್ರ ಹಿಡಿದು ಬರತೊಡಗಿದರು. ಒಬ್ಬರದ್ದು 50, ಇನ್ನೊಬ್ಬರದ್ದು 100, ಮತ್ತೊಬ್ಬರದ್ದು 30. ಸಂಖ್ಯೆ ದೊಡ್ಡ ಅಕ್ಷರದಲ್ಲಿ, ಅದರ ಹಿಂದಿನ ‘ವರೆಗೆ’ ಎಂಬ ಪದ ಇರುವೆಯಷ್ಟು ಚಿಕ್ಕದಾಗಿ.

ಈ ಸಂಖ್ಯೆಗಳನ್ನು ಓದುವ ಬಗೆ ತಿಳಿದಿರಬೇಕು. ಕಂಪೆನಿಗಳು ಹೇಳುವುದು ಮೆಗಾಬಿಟ್ ಲೆಕ್ಕ. ನಮ್ಮ ಫೋನು, ಕಂಪ್ಯೂಟರುಗಳು ಕಡತದ ಗಾತ್ರ ತೋರಿಸುವುದು ಮೆಗಾಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ‘100’ರ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. ಇನ್ನೊಂದು ಮಾತು: ಒಂದು ವೀಡಿಯೊ ಮೀಟಿಂಗ್ ಸರಾಗವಾಗಿ ನಡೆಯಲು ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ಮೂರು-ನಾಲ್ಕು ಮೆಗಾಬಿಟ್ ಸಾಕು. ಅಂದ ಮೇಲೆ 30, 50, 100ರ ಪೈಪೋಟಿಯಲ್ಲಿ ನಮಗೆ ಬೇಕಾದ ಉತ್ತರ ಇರಲಿಲ್ಲ.

ಆಸುಪಾಸಿನ ಮೂರು ಮನೆಗಳಲ್ಲಿ ಮೂರು ಕಂಪೆನಿಗಳ ಸಂಪರ್ಕ ಇತ್ತು. ನಾವೆಲ್ಲ ಸೇರಿ ಒಂದು ಜೂನ್‌ನಿಂದ ಮುಂದಿನ ಮೇ ತಿಂಗಳವರೆಗೆ ನೋಟುಪುಸ್ತಕದಲ್ಲಿ ಲೆಕ್ಕ ಬರೆದಿಟ್ಟೆವು. ಕಂಪೆನಿಗಳ ಹೆಸರು ಇಲ್ಲಿ ಬೇಡ. ಗುಡ್ಡದ ಆಚೆ ಅದೇ ಕಂಪೆನಿಯ ಕಥೆ ಬೇರೆಯೇ ಇರಬಹುದು. ದಿನಕ್ಕೆ ಮೂರು ಸಲ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಅಳೆಯುವುದೆಂದು ತೀರ್ಮಾನ. ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಲ್ಲೇ ಜೋಡಿಸಿ ಅಳೆದೆವು. ಯಾಕೆಂದರೆ ನಮ್ಮ ಹಳೆಯ ಮನೆಗಳ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಜಗಲಿಯಲ್ಲಿ 45 ತೋರಿಸುವ ವೈಫೈ ಅಡುಗೆಮನೆಗೆ ಹೋಗುವಷ್ಟರಲ್ಲಿ 6ಕ್ಕೆ ಇಳಿಯುತ್ತದೆ. ಅದು ಗೋಡೆಯ ಗುಣ, ಅದಕ್ಕೆ ಕಂಪೆನಿಯನ್ನು ದೂರಿ ಫಲವಿಲ್ಲ.

ಮೊದಲನೆಯದು ನಮ್ಮ ಮನೆಯ ಫೈಬರ್, 50ರದ್ದು. ಬೆಳಗ್ಗೆ 47, 48 ಸಿಗುತ್ತಿತ್ತು. ರಾತ್ರಿ ಎಲ್ಲರ ಮನೆಯಲ್ಲೂ ಧಾರಾವಾಹಿ, ಕ್ರಿಕೆಟ್ ಶುರುವಾದಾಗ 30ರ ಆಸುಪಾಸು. ಎರಡನೆಯದು ಹಳ್ಳದ ಆಚೆಯ ಮನೆಯ ಗಾಳಿಯ ಸಂಪರ್ಕ, ‘100ರವರೆಗೆ’. ಬೆಳಗ್ಗೆ 60, 70 ಸಿಕ್ಕಿದ್ದುಂಟು. ರಾತ್ರಿ 10, 15. ಆದರೆ ನಮ್ಮಿಂದ ಹೊರಗೆ ಕಳಿಸುವ ವೇಗ, ಅಪ್‌ಲೋಡ್ ಎನ್ನುತ್ತಾರಲ್ಲ, ಅದು ಕೆಲವೊಮ್ಮೆ ಒಂದಕ್ಕಿಂತ ಕೆಳಗೆ. ಮೀಟಿಂಗ್‌ನಲ್ಲಿ ಅವರ ಮುಖ ನಮಗೆ ಕಾಣುತ್ತದೆ, ನಮ್ಮ ಮಾತು ಅವರಿಗೆ ಮುಟ್ಟುವುದಿಲ್ಲ. ಮೂರನೆಯದು ರಸ್ತೆಬದಿಯ ಮನೆಯ ಫೈಬರ್, ಬರೇ 30ರದ್ದು. ಅದು ಹೆಚ್ಚಿನ ದಿನಗಳಲ್ಲಿ ಬೆಳಗ್ಗೆಯೂ 28, ರಾತ್ರಿಯೂ 28.

ರಾತ್ರಿ ವೇಗ ಕುಸಿಯುವುದಕ್ಕೆ ಕಾರಣವಿದೆ. ಈಗಿನ ಮನೆಯ ಫೈಬರ್‌ನಲ್ಲಿ ಸಾಮಾನ್ಯವಾಗಿ ಬಳಸುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಯ ಸುಮಾರು 2,500 ಮೆಗಾಬಿಟ್‌ಗಳನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಅಷ್ಟೂ ಮನೆಗಳ ಸಂಚಾರವನ್ನು ಪೇಟೆಗೆ ಒಯ್ಯುವ ಮುಂದಿನ ಕೊಂಡಿಯನ್ನು ಕಂಪೆನಿ ಸಣ್ಣದಾಗಿ ಇಟ್ಟಿದ್ದರೆ ಅಲ್ಲಿ ನೂಕುನುಗ್ಗಲು. ತೋಟಕ್ಕೆ ಎಷ್ಟು ದೊಡ್ಡ ಪೈಪು ಹಾಕಿದರೂ ಕೆರೆಯಿಂದ ಬರುವ ಕಾಲುವೆ ಕಿರಿದಾದರೆ ಏನು ಪ್ರಯೋಜನ? ಗಾಳಿಯ ಸಂಪರ್ಕದಲ್ಲಿ ಪಾಲುದಾರರು ಇನ್ನೂ ಹೆಚ್ಚು. ಒಂದು ಟವರಿನ ಕೆಳಗಿನ ಮೊಬೈಲುಗಳೂ ಅದೇ ವೇಗವನ್ನು ಹಂಚಿಕೊಳ್ಳುತ್ತವೆ. ಟವರಿಗೂ ಮನೆಗೂ ನಡುವೆ ಗುಡ್ಡವೋ ದಟ್ಟ ಮರವೋ ಇದ್ದರೆ ಸಿಗುವ ಪಾಲೂ ಕಡಿಮೆ.

ಇಷ್ಟೇ ಆಗಿದ್ದರೆ ಹೋಲಿಕೆ ಸುಲಭವಿತ್ತು. ಜುಲೈ ಬಂತು.

ಇಲ್ಲಿ ಮಳೆ ಎಂದರೆ ಮರ ಬೀಳುವ ಮಳೆ. ಮೆಸ್ಕಾಂ ಕಂಬ ವಾಲುತ್ತದೆ, ಕರೆಂಟು ಹೋಗುತ್ತದೆ, ಅದರ ಜೊತೆ ಕಂಬಕ್ಕೆ ಕಟ್ಟಿದ ಫೈಬರೂ ತುಂಡಾಗುತ್ತದೆ. ಆ ಒಂದು ತಿಂಗಳಲ್ಲಿ ನಮ್ಮ 50ರ ಸಂಪರ್ಕ ಮೂರು ಕಂತಿನಲ್ಲಿ ಒಟ್ಟು 13 ದಿನ ಸತ್ತಿತ್ತು. ದೂರು ಕೊಟ್ಟರೆ ಮರುದಿನ ‘ಸಮಸ್ಯೆ ಪರಿಹರಿಸಲಾಗಿದೆ’ ಎಂಬ ಸಂದೇಶ ಬರುತ್ತಿತ್ತು. ತಂತಿ ಹಳ್ಳದಲ್ಲಿ ಬಿದ್ದುಕೊಂಡೇ ಇತ್ತು. ಹಳ್ಳದಾಚೆಯ ಗಾಳಿಯ ಸಂಪರ್ಕಕ್ಕೆ ತಂತಿಯ ಕಾಟವಿಲ್ಲ. ಆದರೆ ಕರೆಂಟು ಹೋಗಿ ಕೆಲವು ಗಂಟೆಗಳಾದರೆ ಟವರಿನ ಬ್ಯಾಟರಿ ಮುಗಿದು ಅದೂ ಮೌನ. ದಿನವಿಡೀ ಸತ್ತ ದಿನಗಳು ಕಡಿಮೆ, ದಿನದ ನಡುವೆ ಸತ್ತ ಗಂಟೆಗಳು ಲೆಕ್ಕಕ್ಕಿಲ್ಲ.

ರಸ್ತೆಬದಿಯ ಮನೆಯ 30ರ ಸಂಪರ್ಕ ಆ ತಿಂಗಳು ಕೈಕೊಟ್ಟದ್ದು ಎರಡೇ ದಿನ. ತಂತಿ ಅವರದ್ದೂ ಅಷ್ಟೇ ಸಲ ತುಂಡಾಗಿತ್ತು. ವ್ಯತ್ಯಾಸ ಇಷ್ಟೇ: ಅದನ್ನು ಜೋಡಿಸುವ ಹುಡುಗ ಇದೇ ಊರಿನವನು. ಫೋನು ಮಾಡಿದರೆ, “ಅಣ್ಣ, ಹಲಸಿನ ಮರದ ಹತ್ರ ಕೊಂಬೆ ಬಿದ್ದಿದೆ. ಮಳೆ ಸ್ವಲ್ಪ ಹೊಳವಾಗಲಿ, ಬರ್ತೇನೆ” ಎನ್ನುತ್ತಿದ್ದ, ಬರುತ್ತಲೂ ಇದ್ದ. ತುಂಡಾದ ಫೈಬರನ್ನು ಕೈಯಲ್ಲಿ ಗಂಟು ಹಾಕಲಾಗದು. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ಎರಡು ತುದಿಗಳನ್ನು ಒರೆಸಿ, ನೇರ ಕತ್ತರಿಸಿ, ಯಂತ್ರದೊಳಗಿಟ್ಟು ಕಾಯಿಸಿ ಬೆಸೆಯಬೇಕು. ಒದ್ದೆ ಕೈಯಲ್ಲಿ ಅದು ಆಗದ ಕೆಲಸ. ಕೊಡೆಯ ಕೆಳಗೆ ಕೂತು, ಜಿಗಣೆ ಕಿತ್ತು ಬಿಸಾಡುತ್ತಾ ಅವನು ಈ ಕೆಲಸ ಮಾಡುವುದನ್ನು ನಾವು ನೋಡಿದ್ದೇವೆ. ಈ ವೇಗವನ್ನು ಯಾವ ಕರಪತ್ರವೂ ಮುದ್ರಿಸುವುದಿಲ್ಲ.

ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿದಾಗ ಮೂರರಲ್ಲಿ ಅತಿ ಕಡಿಮೆ ವೇಗದ್ದೇ ಅತಿ ಹೆಚ್ಚು ದಿನ ಬದುಕಿತ್ತು. ಮಗನಿಗೆ ಪುಸ್ತಕ ತೋರಿಸಿದೆವು. ಅವನು ಸರಾಸರಿ ವೇಗವನ್ನು ನೋಡಲಿಲ್ಲ. ಸಂಪರ್ಕ ಸತ್ತ ದಿನಗಳನ್ನು ಎಣಿಸಿದ. “ಇದು ಮನೆಗೆ ಬರುವುದಾದರೆ ನಾನೂ ಬರುತ್ತೇನೆ” ಎಂದ.

ರಸ್ತೆಬದಿಯಿಂದ ನಮ್ಮ ಮನೆಗೆ ತಂತಿ ಎಳೆಯಲು ಒಂದು ಮನೆಗಾದರೆ ಖರ್ಚು ಹೆಚ್ಚು. ಆ ಸಾಲಿನ ಐದು ಮನೆಯವರು ಕೂಡಿದೆವು. ತಂತಿ ಹೋಗುವ ದಾರಿಯ ಕೊಂಬೆಗಳನ್ನು ಮೇ ತಿಂಗಳಲ್ಲೇ ಎಲ್ಲರೂ ಸೇರಿ ಸವರಿದೆವು. ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟೆವು. ನಡುದಾರಿಯ ಫೈಬರ್‌ಗೆ ಕರೆಂಟು ಬೇಕಾಗಿಲ್ಲ, ಎರಡು ತುದಿಗೆ ಇದ್ದರೆ ಸಾಕು. ಗಾಜು ಸಿಡಿಲನ್ನು ಒಯ್ಯುವುದಿಲ್ಲ ನಿಜ, ಆದರೆ ಕರೆಂಟಿನ ಪ್ಲಗ್ಗು ಒಯ್ಯುತ್ತದೆ. ಗುಡುಗಿದಾಗ ಅದನ್ನು ಕಿತ್ತಿಡುವ ಹಳೆಯ ಅಭ್ಯಾಸವನ್ನು ಬಿಟ್ಟಿಲ್ಲ. ಹಳ್ಳದಾಚೆಯ ಗಾಳಿಯ ಸಂಪರ್ಕವನ್ನು ಅವರು ತೆಗೆಸಲಿಲ್ಲ. ತುರ್ತಿಗೆ ಅದೂ ಬೇಕು. ಕಳೆದ ಮಳೆಗಾಲದಲ್ಲಿ ಮಗ ಹದಿನೈದು ದಿನ ಬಂದಿದ್ದ. ನಾಲ್ಕು ದಿನ ಕೊಪ್ಪ ಪೇಟೆಗೆ ಹೋಗಿ ಕೆಲಸ ಮಾಡಬೇಕಾಯಿತು. ಉಳಿದ ಹನ್ನೊಂದು ದಿನ ಜಗಲಿಯಲ್ಲೇ ಕೂತಿದ್ದ. ಅಜ್ಜಿ ಅಷ್ಟೂ ದಿನ ಅವನ ಎದುರಿನ ಕುರ್ಚಿಯಲ್ಲಿ, ಅವನ ಮೀಟಿಂಗ್ ಮುಗಿಯುವುದನ್ನು ಕಾಯುತ್ತಾ.

ಹೊಸ ಸಂಪರ್ಕ ಪಡೆಯುವವರಿಗೆ ನಮ್ಮ ಅನುಭವದಿಂದ ಹೇಳಬಹುದಾದದ್ದು ಕೆಲವು ಮಾತು. ಕಂಪೆನಿಯ ಹುಡುಗನನ್ನು ಕೇಳುವ ಮೊದಲು ಅದೇ ಸಾಲಿನಲ್ಲಿರುವ ಮನೆಯವರನ್ನು ಕೇಳಿ. ಜನವರಿಯ ವೇಗವನ್ನಲ್ಲ, ಜುಲೈಯ ಕಥೆಯನ್ನು ಕೇಳಿ. ತಂತಿ ತುಂಡಾದರೆ ಜೋಡಿಸಲು ಯಾರು, ಎಲ್ಲಿಂದ ಬರುತ್ತಾರೆಂದು ತಿಳಿದುಕೊಳ್ಳಿ. ಅಪ್‌ಲೋಡ್ ವೇಗ ಎಷ್ಟು, ತಿಂಗಳ ಡೇಟಾ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದು ವಿಚಾರಿಸಿ. ಕರಪತ್ರದ ದರಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿಸಿ ನೋಡಿ. ವೇಗ ಅಳೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರಲ್ಲಿ ಹೊರತಂದ ‘ಮೈಸ್ಪೀಡ್’ ಎಂಬ ಆ್ಯಪ್ ಇದೆ. ಅಳೆದದ್ದನ್ನು ತಾರೀಕು ಸಹಿತ ಬರೆದಿಡಿ.

ದೂರು ಕೊಟ್ಟಾಗ ದೂರಿನ ಸಂಖ್ಯೆ ಪಡೆಯಲು ಮರೆಯಬೇಡಿ. ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಕಂಪೆನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿಗೂ ಮುಗಿಯದಿದ್ದರೆ ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆದಿದೆ. ದೂರಸಂಪರ್ಕ ಕಂಪೆನಿಗಳ ವಿರುದ್ಧವೂ ಗ್ರಾಹಕರು ಅಲ್ಲಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. 2011ರಲ್ಲಿ ಒಪ್ಪಿಗೆ ಪಡೆದು, ಆಮೇಲೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯ ಉದ್ದೇಶ ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಮುಟ್ಟಿಸುವುದು. 2023ರ ಆಗಸ್ಟ್‌ನಲ್ಲಿ ಅದರ ಪರಿಷ್ಕೃತ ರೂಪಕ್ಕೆ ಕೇಂದ್ರ ಸಚಿವ ಸಂಪುಟ ಸುಮಾರು 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತು. ತಂತಿ ಎಳೆಯಲು ಹಣ ಇದೆ ಎಂದಾಯಿತು. ಎಳೆದ ತಂತಿಯನ್ನು ಆಷಾಢದಲ್ಲಿ ಕಾಯುವವರು ಯಾರು? ಬೆಸೆಯುವ ಯಂತ್ರ ಹಿಡಿದ ಆ ಹುಡುಗನಿಗೆ ನಿಶ್ಚಿತ ಸಂಬಳವಿಲ್ಲ, ವಿಮೆಯಿಲ್ಲ. ಹೆಚ್ಚು ಸಂಪಾದನೆಯ ಕೆಲಸ ಸಿಕ್ಕಿ ನಾಳೆ ಅವನೂ ಬೆಂಗಳೂರಿನ ಬಸ್ಸು ಹತ್ತಿದರೆ ನಮ್ಮ 30ರ ಸಂಪರ್ಕವೂ ಉಳಿದೆರಡರಂತೆಯೇ ಆಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರು, ಬೀದಿದೀಪಗಳ ಪಟ್ಟಿಗೆ ಈ ವಿಷಯವನ್ನೂ ಸೇರಿಸಬೇಕೆಂದು ನಾವು ಐದು ಮನೆಯವರು ಮಾತಾಡಿಕೊಂಡಿದ್ದೇವೆ.