ಕೆಂಪು ಕಲ್ಲು ಮುಗಿಯುವ ಜಾಗ

ಗೊಟ್ಟಂಗೊಟ್ಟದ ಅಡವಿ ಸುತ್ತಿ ಬಂದ ಕಥೆ ಹೇಳು ಅಂತ ಕೂತಿದ್ದೀರಿ. ಹೇಳ್ತೀನಿ. ಆದರೆ ಮೊದಲೇ ಒಂದು ಮಾತು, ಇದರಲ್ಲಿ ಹುಲಿ ಬರುವುದಿಲ್ಲ. ನಮ್ಮೂರಲ್ಲಿ ಈ ಕಥೆ ಬಾಯಿಂದ ಬಾಯಿಗೆ ಹೋಗಿ, ಹೋದ ಜಾತ್ರೆ ಹೊತ್ತಿಗೆ ಅದರೊಳಗೊಂದು ಚಿರತೆ ಸೇರಿಕೊಂಡಿತ್ತು. ಸೇರಿಸಿದವರು ಯಾರು ಅಂತ ನನಗೆ ಗೊತ್ತು, ಇಲ್ಲೇ ಬೆಂಕಿ ಕಾಸುತ್ತ ಕೂತಿದ್ದಾರೆ.

ಸಂಕ್ರಾಂತಿ ಮುಗಿದಿತ್ತು. ತೊಗರಿ ರಾಶಿಯಾಗಿ ಚೀಲ ಸೇರಿತ್ತು, ಕೈಯಲ್ಲಿ ಕೆಲಸ ಕಡಿಮೆ. ವಾಡಿಯಿಂದ ನನ್ನ ತಂಗಿಯ ಮಗ ಬಂದಿದ್ದ. ಸಿಮೆಂಟು ಫ್ಯಾಕ್ಟರಿಯ ಧೂಳಿನಲ್ಲಿ ಬೆಳೆದ ಹುಡುಗ. ಅವನ ಪ್ರಕಾರ ಕಲಬುರಗಿ ಜಿಲ್ಲೆ ಅಂದರೆ ಬಿಸಿಲು, ಹಾಸುಕಲ್ಲು, ತೊಗರಿ, ಇಷ್ಟೇ. "ಮಾಮಾ, ನಮ್ಮ ಜಿಲ್ಲಾದಾಗ ಅಡವಿ ಎಲ್ಲದ? ಸುಮ್ನ ಹೇಳ್ತೀರಿ" ಅಂದ. ಚಿಮ್ಮನಚೋಡದಲ್ಲಿ ಕೂತು ಅಂಥ ಮಾತು ಕೇಳಿ ಸುಮ್ಮನಿರಲಾಗುತ್ತದೆಯೇ? ಪಕ್ಕದ ಮನೆಯ ಹುಡುಗನನ್ನೂ ಎಬ್ಬಿಸಿಕೊಂಡು ಮರುದಿನ ನಸುಕಿನಲ್ಲೇ ಹೊರಟೆವು. ಬುತ್ತಿಗೆ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ನೀರಿಗೆ ಒಂದು ದೊಡ್ಡ ಸ್ಟೀಲಿನ ಕ್ಯಾನು. ಈ ಕ್ಯಾನನ್ನು ನೆನಪಿಟ್ಟುಕೊಳ್ಳಿ.

ಅದು ಈಗ ಹೇಳದೆ ಕೇಳದೆ ನುಗ್ಗುವ ಅಡವಿಯಲ್ಲ. 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮ ಅಂತ ಘೋಷಣೆಯಾಯಿತು, 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಅಂತ ಅದಕ್ಕೆ ಹೆಸರು. ಅನುಮತಿ ಪಡೆದೆವು, ಜೊತೆಗೆ ಒಬ್ಬ ವಾಚರ್ ಬಂದರು. ತಾಂಡಾದವರು, ವಯಸ್ಸಾದವರು, ಕೈಯಲ್ಲೊಂದು ಬಡಿಗೆ. ಕನ್ನಡ, ತೆಲುಗು, ಲಂಬಾಣಿ, ಉರ್ದು ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಆಡುವವರು. ತೆಲಂಗಾಣದ ಗಡಿ ಅಷ್ಟು ಹತ್ತಿರ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆದೆವು.

ಚಂದ್ರಂಪಳ್ಳಿ ಕೆರೆಯ ಒಡ್ಡಿನ ಹತ್ತಿರ ಗಾಡಿ ನಿಲ್ಲಿಸಿ, ನೀರಿನ ಅಂಚು ಹಿಡಿದು ಸ್ವಲ್ಪ ದೂರ ಹೋಗಿ ಏರಿಗೆ ತಿರುಗಿದೆವು. ಮೇಲೆ ಹತ್ತಿ, ಗುಡ್ಡದ ನೆತ್ತಿಯಲ್ಲಿ ಸುತ್ತು ಹಾಕಿ, ಆಚೆ ಕಣಿವೆಯಿಂದ ಮತ್ತೆ ನೀರಿಗೇ ಇಳಿಯುವುದು, ಇದು ಕಾಕಾ ಹಾಕಿದ ಲೆಕ್ಕ. ಏರು ಭಾರಿ ಕಡಿದಲ್ಲ. ಆದರೆ ಕಾಲಡಿ ಬರೀ ಉರುಳುಕಲ್ಲು, ಅದರ ಮೇಲೆ ಸಾಗವಾನಿಯ ಒಣ ಎಲೆ. ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದ ಸದ್ದು. ಆ ಸದ್ದಿನಲ್ಲಿ ಯಾವ ಪ್ರಾಣಿ ತಾನೇ ನಿಂತು ದರ್ಶನ ಕೊಡುತ್ತದೆ? ಕಂಡದ್ದು ನವಿಲು, ದೂರದಲ್ಲಿ ಓಡಿದ ಒಂದು ನರಿ. ಮಿಕ್ಕಿದ್ದೆಲ್ಲ ಗುರುತುಗಳು. ಒಂದು ಕಡೆ ಕಾಕಾ ಬಡಿಗೆಯಿಂದ ಎಲೆ ಸರಿಸಿ ಸುಣ್ಣದ ಉಂಡೆಯಂಥದ್ದೇನೋ ತೋರಿಸಿದರು. ಕತ್ತೆಕಿರುಬದ ಹಿಕ್ಕೆ. ಎಲುಬನ್ನೂ ಅಗಿದು ತಿನ್ನುವ ಪ್ರಾಣಿ, ಅದಕ್ಕೇ ಹಿಕ್ಕೆ ಒಣಗಿದರೆ ಬೆಳ್ಳಗಾಗುತ್ತದೆ. ತೋಳ, ಕಿರುಬ, ಕೊಂಡುಕುರಿ, ಚಿಗರಿ ಇವೆಲ್ಲ ಈ ಅಡವಿಯ ಸಂಸಾರ. ಬಾರಿಗಿಡಗಳು ಹಣ್ಣಿಗೆ ಬಂದಿದ್ದವು, ಹುಡುಗರು ಅಲ್ಲಲ್ಲೇ ಹಿಂದುಳಿದರು.

ಬಿಸಿಲುನಾಡಿನ ಮಲೆನಾಡು ಅಂತ ಇದನ್ನು ಪೇಪರಿನವರು ಬರೆಯುತ್ತಾರಲ್ಲ, ಅದು ನನಗೆ ಹಿಡಿಸುವುದಿಲ್ಲ. ಮಲೆನಾಡಿನ ಕಾಡು ವರ್ಷವಿಡೀ ಹಸಿರು ಹೊದ್ದಿರುತ್ತದೆ. ಇದು ಎಲೆ ಉದುರಿಸಿ, ಮೈ ಬಿಟ್ಟುಕೊಂಡು, ನೀರು ಬಿಗಿಹಿಡಿದು ಬದುಕುವ ಅಡವಿ. ಇನ್ನೊಂದರ ಹೆಸರು ಇದಕ್ಕೇಕೆ?

ನೆತ್ತಿ ಸೇರಿದಾಗ ನೆಲದ ಬಣ್ಣವೇ ಬೇರೆ. ಮೇಲೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು, ತೂತು ತೂತು. ಬೀದರಿನ ಕೋಟೆ ನಿಂತಿದೆಯಲ್ಲ, ಅದೇ ಕೆಂಪು ನೆಲದ ಮುಂದುವರಿಕೆ. ತಂಗಿಯ ಮಗನಿಗೆ ಆಶ್ಚರ್ಯ. ಅವನ ಸೀಮೆಯಲ್ಲಿ, ಶಹಾಬಾದ್, ವಾಡಿ, ಸೇಡಂ ಕಡೆ, ಭೂಮಿ ಅಗೆದರೆ ಪದರು ಪದರಾಗಿ ಸುಣ್ಣಕಲ್ಲು. ಇಲ್ಲಿ ಅದರ ಸುಳಿವಿಲ್ಲ. ಗೊಟ್ಟಂಗೊಟ್ಟದ ಬಕ್ಕಪ್ರಭು ಗುಡಿಯ ದಿಕ್ಕಿಗೆ ಕೈಮುಗಿದು, ಮರದಡಿ ಬುತ್ತಿ ಬಿಚ್ಚಿದೆವು.

ಉಂಡು ಇಳಿಯಲು ಶುರುಮಾಡಿದಾಗ ಆ ಕ್ಯಾನು ತಂಗಿಯ ಮಗನ ಕೈ ಜಾರಿತು. ಮುಚ್ಚಳ ಒಂದು ಕಡೆ, ಕ್ಯಾನು ಒಂದು ಕಡೆ. ಕಲ್ಲಿಂದ ಕಲ್ಲಿಗೆ ಬಡಿದು, ಧಡ ಧಡ ಅಂತ ಸದ್ದು ಮಾಡುತ್ತ ಕೊರಕಲಿನ ತಳ ಸೇರಿತು. ಪಕ್ಕದ ಮನೆಯ ಹುಡುಗ ತಟ್ಟನೆ ನೆಲದ ಮೇಲೆ ಕುಕ್ಕರಿಸಿದ. ನಗಬೇಡಿ. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವಾರದ ಕಡೆ ನೆಲದೊಳಗಿಂದ ಸದ್ದು ಬಂದು ಭೂಮಿ ನಡುಗಿತ್ತು, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದ್ದರು. ಅದಾಗಿ ವರ್ಷದ ಮೇಲಾಗಿದ್ದರೂ ನಮ್ಮ ತಾಲ್ಲೂಕಿನ ಮಕ್ಕಳಿಗೆ ಧಡ್ ಅಂದರೆ ಸಾಕು, ಮೊದಲು ನೆಲದ ನೆನಪಾಗುತ್ತದೆ.

(ಆ ಕಡೆಯಿಂದ ಎರಡು ತೊಗರಿ ಕಟ್ಟಿಗೆ ಹಾಕಪ್ಪಾ, ಬೆಂಕಿ ಆರುತ್ತಿದೆ.)

ನೀರಿಲ್ಲ. ನೆತ್ತಿಯ ಮೇಲೆ ಬಿಸಿಲು. ಕಡಕ್ ರೊಟ್ಟಿ, ಖಾರದ ಹಿಂಡಿ ತಿಂದ ಬಾಯಿ. ಕೆರೆ ದೂರ ಕೆಳಗೆ ಹೊಳೆಯುತ್ತಿತ್ತು, ಸಮಾಧಾನಕ್ಕಿಂತ ಅದು ಸಿಟ್ಟು ತರಿಸಿತು. ತಂಗಿಯ ಮಗ ನೆಟ್ಟಗೆ ಇಳಿದುಬಿಡೋಣ ಅಂದ. ಕಾಕಾ ಬಡಿಗೆ ಅಡ್ಡ ಹಿಡಿದರು. "ನೆಟ್ಟಗ ಇಳದ್ರ ಕಾಲ್ ಮುರಿತದ ತಮ್ಮಾ. ಕೆಂಪು ಕಲ್ಲು ಎಲ್ಲಿ ಮುಗೀತದ ನೋಡು. ಕರಿ ಕಲ್ಲು ಶುರು ಆಗೋ ಜಾಗಾ. ನೀರು ಅಲ್ಲೇ ಕುಂತಿರ್ತದ."

ನಾವು ಕೆಳಗೆ ಇಳಿಯದೆ ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ನಡೆದೆವು. ಮೇಲೆ ಕೆಂಪು ದಂಡೆ, ಕೆಳಗೆ ಕರಿಕಲ್ಲು, ನಡುವೆ ಗೆರೆ ಎಳೆದಂಥ ಒಂದು ಅಂಚು. ಆ ಅಂಚಿನಲ್ಲೇ ಒಂದು ಕಡೆ ಗಿಡಗಳು ಉಳಿದೆಲ್ಲ ಕಡೆಗಿಂತ ಹಸಿರಾಗಿದ್ದವು. ಕಾಕಾ ಎಲೆ ತೆಗೆದು, ಕೈಯಿಂದ ಕೆಸರು ಬಾಚಿ ತೆಗೆದರು. ಬೊಗಸೆಯಷ್ಟು ಗುಂಡಿ. ಮೊದಲು ರಾಡಿ, ಆಮೇಲೆ ನಿಧಾನಕ್ಕೆ ತಿಳಿ. ಒಬ್ಬೊಬ್ಬರೇ ಕುಡಿದು, ಗುಂಡಿ ತುಂಬುವ ತನಕ ಮುಂದಿನವರು ಕಾದೆವು. ತಣ್ಣಗಿತ್ತು. ಜನವರಿಯ ನಡು ಮಧ್ಯಾಹ್ನ ಅಂಥ ನೀರು ನಮ್ಮೂರ ಬೋರಿನಲ್ಲಿ ಬರುವುದಿಲ್ಲ.

ಹೇಗೆ ಅಂತೀರಾ? ಮಳೆಗಾಲದ ನೀರನ್ನು ಮೇಲಿನ ತೂತುಕಲ್ಲು ಕುಡಿಯುತ್ತದೆ. ಅದರ ಕೆಳಗಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿ ಉಗುಳಿದ ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು. ಅದು ನೀರನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ಇಳಿಯಲಾರದ ನೀರು ಅಡ್ಡಲಾಗಿ ಹರಿದು, ಗುಡ್ಡದ ಮಗ್ಗುಲಲ್ಲಿ ಒರತೆಯಾಗಿ ಹೊರಬರುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಸುರಂಗ ತೋಡಿ, ಸಾಲಾಗಿ ಬಾವಿ ಇಳಿಸಿ ಊರಿಗೆ ನೀರು ತಂದರಲ್ಲ, ಆ ಕರೇಜ್ ನಿಂತಿರುವುದೂ ಈ ಎರಡು ಕಲ್ಲುಗಳ ಸಂಧಿಯ ಲೆಕ್ಕದ ಮೇಲೆಯೇ. ಅದನ್ನು ನೋಡಲು ಈಗ ದೂರದಿಂದ ಪಂಡಿತರು ಬರುತ್ತಾರೆ. ಕಾಕಾ ಅದನ್ನು ದನ ಕಾಯುತ್ತ ಕಲಿತಿದ್ದರು. ಬಾಯಾರಿದ ದನ ಎಲ್ಲಿ ನಿಲ್ಲುತ್ತದೋ ನೋಡಿಕೊಂಡಿದ್ದರಂತೆ, ಅಷ್ಟೇ.

ಕುಡಿದಾದ ಮೇಲೆ ಅವರು ಗುಂಡಿಯ ಬಾಯಿ ಮುಚ್ಚಲಿಲ್ಲ. ಇನ್ನಷ್ಟು ಅಗಲ ಮಾಡಿದರು. "ರಾತ್ರಿ ಕಿರುಬ ಬರ್ತದ, ಚಿಗರಿ ಬರ್ತದ. ಅವೂ ಕುಡೀಲಿ." ಒರತೆಯ ಸುತ್ತ ಗೊರಸಿನ ಗುರುತುಗಳು ಇದ್ದೇ ಇದ್ದವು. ಪಕ್ಕದ ಮನೆಯ ಹುಡುಗ ಆಗಲೇ ಕತ್ತಲಾಗುವ ಮೊದಲು ಇಳಿಯೋಣ ಅಂತ ಅವಸರ ಮಾಡಿದ್ದು. ಚಿರತೆ ಹುಟ್ಟಿದ್ದು ಅಲ್ಲೇ ಇರಬೇಕು.

ಇಳಿದ ದಾರಿಯಲ್ಲಿ ಹೇಳುವಂಥದ್ದೇನಿಲ್ಲ. ಮೊಣಕಾಲು ನೋವು, ಅಂಗಿಗೆಲ್ಲ ಹತ್ತಿದ ಮುಳ್ಳು. ಕ್ಯಾನನ್ನು ಕೊರಕಲಿನಿಂದ ತಂಗಿಯ ಮಗನೇ ಇಳಿದು ತಂದ, ಅಡವಿಯಲ್ಲಿ ತಗಡು ಬಿಟ್ಟು ಬರಬಾರದು ಅಂತ ಕಾಕಾ ಬಿಡಲೇ ಇಲ್ಲ. ವಾಡಿಗೆ ಹೋದ ಮೇಲೆ ಅವನು ಜಿಲ್ಲೆಯಲ್ಲಿ ಅಡವಿ ಎಲ್ಲಿದೆ ಅಂತ ಯಾರನ್ನೂ ಕೇಳಿಲ್ಲ.

ನೀವೂ ಹೋಗುವುದಾದರೆ ಶಿವರಾತ್ರಿಯೊಳಗೆ ಹೋಗಿ ಬನ್ನಿ. ಯುಗಾದಿ ದಾಟಿದರೆ ನೆರಳಿರುವುದಿಲ್ಲ, ಒಣ ಎಲೆಗೆ ಬೆಂಕಿ ಬೀಳುವ ಭಯ ಬೇರೆ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ವಾಚರ್ ಇಲ್ಲದೆ ಹೆಜ್ಜೆ ಇಡಬೇಡಿ, ಬೀಡಿ ಹಚ್ಚಬೇಡಿ. ಮತ್ತೆ ನೀರನ್ನು ಒಂದೇ ಕ್ಯಾನಿನಲ್ಲಿ ಒಯ್ಯಬೇಡಿ.